ಮುಟ್ಟುವುದು ಜಾಕಿ ತಾನೆ

ಬಾಳೆಹಣ್ಣು ನನ್ನ ಕಿವಿಯ ಬುಡಕ್ಕೆ ಬಡಿದು ಒಡೆಯಿತು.

ಎಸೆದವನು ಕೆಳಗೆ ರಸ್ತೆಯಲ್ಲಿ ನಾಲಿಗೆ ಕಚ್ಚಿಕೊಂಡು ನಿಂತಿದ್ದ. ಹೊಸದಾಗಿ ಮದುವೆಯಾದವನು. ಪಕ್ಕದಲ್ಲಿ ಹೆಂಡತಿ. ತೇರಿನ ಕಳಸಕ್ಕೆ ಗುರಿಯಿಟ್ಟಿದ್ದ. ದವನ ಸಿಕ್ಕಿಸಿದ ಹಣ್ಣು ಕಳಸಕ್ಕೆ ತಾಗಿದರೆ ವರ್ಷದೊಳಗೆ ಗಂಡುಮಗು. ತೋಟಿಯ ಮಗನ ಕಿವಿಗೆ ತಾಗಿದರೆ ಏನು ಫಲ ಎಂದು ಯಾರೂ ಹೇಳಿಟ್ಟಿಲ್ಲ.

“ಲಕ್ಕಿ ಕಣೋ ಗುರು ನೀನು!” ಶಿಶಿರ್ ಬಾಲ್ಕನಿಯ ಕಂಬಿ ಹಿಡಿದು ನಕ್ಕ. “ದೇವ್ರಿಗೆ ಹೊರಟಿದ್ದು ನಿನಗೆ ಬಂತು.”

“ಒರೆಸ್ಕೊಳೋಕೆ ಏನಾದ್ರೂ ಇದ್ರೆ ಕೊಡು.”

ಅವನ ತಾಯಿ ವೇದಾ ಒಳಗಿನಿಂದ ಬಟ್ಟೆಯೊಂದನ್ನು ತಂದರು. ನನ್ನ ಕೈಗೆ ಕೊಡಲಿಲ್ಲ. ಕಂಬಿಯ ಮೇಲೆ ಹಾಕಿ, “ತೊಗೊಳಪ್ಪ, ವಾಪಸ್ ಕೊಡೋದೇನೂ ಬೇಡ” ಎಂದರು. ಆಮೇಲೆ ಪಾನಕ ಬಂತು. ಮನೆಯವರಿಗೆಲ್ಲ ಮನೆಯ ಲೋಟ, ಅಂಚಿನಲ್ಲಿ ಹೆಸರು ಕೊರೆಸಿದ ಹಳೆಯ ಲೋಟ. ನನಗೆ ಹೊಚ್ಚ ಹೊಸದು. ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಮರ್ಯಾದೆ ಅಂದರೆ ಮರ್ಯಾದೆ. ನಾಳೆ ಬೆಳಿಗ್ಗೆ ಪಾತ್ರೆ ತಿಕ್ಕುವವಳಿಗೆ ದಾನ ಕೊಟ್ಟು ಮುಗಿಸಬಹುದಾದಂಥ ಮರ್ಯಾದೆ.

ಶಿಶಿರ್ ಮತ್ತು ನಾನು ವಿಮೆ ಆಫೀಸಿನ ಒಂದೇ ಸೆಕ್ಷನ್ನಿನವರು. ಅವನು ಪುಸ್ತಕ ಓದುತ್ತಾನೆ. ಮೀಸಲಾತಿಯ ಪರವಾಗಿ ಕ್ಯಾಂಟೀನಿನಲ್ಲಿ ಜಗಳವಾಡುತ್ತಾನೆ. ಹದಿನೈದು ದಿನದಿಂದ ನನ್ನ ಬೆನ್ನು ಹತ್ತಿದ್ದ. “ಕೋಡಿಪಾಳ್ಯದಲ್ಲೇ ಹುಟ್ಟಿ ತೇರು ಸರಿಯಾಗಿ ನೋಡಿಲ್ಲ ಅಂದ್ರೆ ಏನೋ ಅದು? ನಮ್ಮನೆ ಬಾಲ್ಕನಿ ಮುಂದೇನೇ ಬರತ್ತೆ. ಗೆಸ್ಟಾಗಿ ಬಾ. ನಮ್ಮನೇಲಿ ಅದೆಲ್ಲ ಇಲ್ಲ.”

ಅದೆಲ್ಲ. ಆ ಮೂರಕ್ಷರದಲ್ಲಿ ಇವರು ಎಷ್ಟು ಹೆಣ ಹೂಳುತ್ತಾರೆ.

ಕೆಲಸ ಸಿಕ್ಕ ಮೇಲೆ ಬೇರೆ ಕಡೆ ರೂಮು ಮಾಡಿಕೊಂಡಿದ್ದ ನಾನು ಹೀಗೆ ನನ್ನದೇ ಊರಿಗೆ ಅತಿಥಿಯಾಗಿ ಬಂದೆ. ನಮ್ಮ ಮನೆಯಿಂದ ಇವರ ಮನೆಗೆ ಒಂದು ಬೀಡಿ ಸೇದಿ ಮುಗಿಯುವಷ್ಟು ದೂರವಿಲ್ಲ. ಹಲಸೂರು ಕೆರೆಯ ಕೆಳಗಿರುವ ಕೋಡಿಪಾಳ್ಯದಲ್ಲಿ ಮುಂದೆ ತೇರುಬೀದಿ, ಹಿಂದೆ ತೋಟಿ ಲೈನು. ವರ್ಷವಿಡೀ ತೇರುಬೀದಿಯನ್ನು ಗುಡಿಸುವವರು ನಾವು. ತೇರಿನ ದಿನ ಮಾತ್ರ ಅದು ನಮ್ಮ ಬೀದಿಯಲ್ಲ. ತೇರು ಮುಂದೆ ಹೋಗಬೇಕು, ಅದರ ಹಿಂದೆ ನಾವು ಬರಬೇಕು, ಜನ ಎಸೆದ ಬಾಳೆಹಣ್ಣನ್ನು ಬಳಿಯಬೇಕು. ಹುಟ್ಟಿದಾಗಿನಿಂದ ನಾನು ನೋಡಿದ್ದು ತೇರಿನ ಬೆನ್ನು. ಇವತ್ತು ಮೊದಲ ಸಲ ಮುಖ ನೋಡಿದೆ.

ಮುಖ ಏನೂ ಚೆನ್ನಾಗಿರಲಿಲ್ಲ. ಜರಿಕಾಗದ, ಪ್ಲಾಸ್ಟಿಕ್ ಹೂವು, ಹಾಡುಹಗಲಲ್ಲಿ ಮಿಣುಕುವ ಸೀರಿಯಲ್ ಸೆಟ್ಟು. ಮುಂದಿನ ಕಂಬಗಳ ನಡುವೆ ‘ಶ್ರೀನಾಥ್ ಬಾರ್ ಅಂಡ್ ರೆಸ್ಟೋರೆಂಟ್, ಭಕ್ತಾದಿಗಳಿಗೆ ಸುಸ್ವಾಗತ’ ಎಂದು ಬಟ್ಟೆ. ಅದರ ಹಿಂದೆ, ಹೂವಿನ ರಾಶಿಯೊಳಗೆ, ಒಂದು ಗೇಣು ಎತ್ತರದ ಕಪ್ಪು ವೆಂಕಟರಮಣಸ್ವಾಮಿ ಉಸಿರುಗಟ್ಟಿ ಕೂತಿದ್ದ. ದೇವರ ಪಕ್ಕ ಮರಿ ಅರ್ಚಕನೊಬ್ಬ ಕಂಬ ತಬ್ಬಿಕೊಂಡಿದ್ದ. ಮುಂದೆ ಎರಡು ಸಾಲು ಹಗ್ಗ. ಹಗ್ಗದ ತುಂಬ ಊರಿನ ಗಂಡಸರು. ಬಿಳಿ ಪಂಚೆ, ಮೊಬೈಲಿಲ್ಲದವರ ಸೊಂಟದಲ್ಲಿ ಪೇಜರು. ಎಳೆಯುವವರು ಹತ್ತು ಜನ, ಹಗ್ಗ ಹಿಡಿದು ಫೋಟೋ ತೆಗೆಸಿಕೊಳ್ಳುವವರು ತೊಂಬತ್ತು.

“ಹೇಗಿದೆ ಅನುಭವ?” ಶಿಶಿರ್ ಕೇಳಿದ.

“ಬಣ್ಣ ಜಾಸ್ತಿ ಆಯ್ತು.”

ಅವನಿಗೆ ಖುಷಿಯಾಗಲಿಲ್ಲ. ನಾನು ಕಣ್ಣೀರು ಹಾಕಬಹುದು ಎಂದುಕೊಂಡಿದ್ದನೋ ಏನೋ.

ಅವನ ತಂದೆ ಶ್ರೀಕಂಠಯ್ಯ ಕುರ್ಚಿ ಎಳೆದುಕೊಂಡು ಬಂದರು. ರಿಟೈರಾದ ಆಫೀಸರು. “ನೋಡಪ್ಪಾ ರಾಜು, ಇದರ ಹಿಂದೆ ಒಂದು ಸೈನ್ಸ್ ಇದೆ. ಇಡೀ ಸಮಾಜ ಒಂದೇ ಹಗ್ಗ ಹಿಡೀಬೇಕು ಅನ್ನೋದೇ ಇದರ ತತ್ವ. ಮೇಲು ಕೀಳು ಇಲ್ಲ.”

“ಹೌದಾ ಸಾರ್?”

“ಮತ್ತೆ!”

ತೇರಿನ ಹಿಂದೆ ನಮ್ಮಣ್ಣ ಕದಿರಪ್ಪ ಬರುತ್ತಿದ್ದ. ಅವನ ಹಿಂದೆ ಅವ್ವ ಜಟ್ಟೆಮ್ಮ. ಅವ್ವ ಪೊರಕೆಯಲ್ಲಿ ತಳ್ಳುತ್ತಿದ್ದಳು, ಅಣ್ಣ ತಗಡಿನಲ್ಲಿ ಬಳಿದು ಬಾಂಡಲಿಗೆ ತುಂಬುತ್ತಿದ್ದ. ನೂರಾರು ಕಾಲು ತುಳಿದ ಬಾಳೆಹಣ್ಣು ಗೋಂದಿನ ಹಾಗೆ ಟಾರಿಗೆ ಅಂಟಿಕೊಳ್ಳುತ್ತದೆ. ಪೊರಕೆಗೆ ಬರುವುದಿಲ್ಲ, ತಗಡಿಗೆ ಬರುವುದಿಲ್ಲ. ಕೂತು ಉಗುರಿನಲ್ಲಿ ಕೆರೆಯಬೇಕು. ಏಪ್ರಿಲ್ ಬಿಸಿಲಲ್ಲಿ ಹೊಸ ಟಾರು ಕುದಿಯುತ್ತಿತ್ತು. ತೇರಿನ ಬೀದಿಯಲ್ಲಿ ಚಪ್ಪಲಿ ಹಾಕುವಂತಿಲ್ಲ. ಅವ್ವ ಒಂದು ಕಾಲೆತ್ತಿ ಇನ್ನೊಂದು ಕಾಲೂರುತ್ತಿದ್ದಳು. ಕೊಕ್ಕರೆಯ ಹಾಗೆ. ಹಣ್ಣು ಅವಳ ಬೆನ್ನ ಮೇಲೂ ಬೀಳುತ್ತಿತ್ತು. ಕೆಲವರು ಬೇಕೆಂದೇ ಎಸೆಯುತ್ತಿದ್ದರು.

“ಅದು ನಿಮ್ಮಣ್ಣ ಅಲ್ವೇನೋ?” ಶಿಶಿರ್ ಬಗ್ಗಿ ನೋಡಿದ. “ಕರೀಲಾ? ಪಾನಕ ಕುಡ್ಕೊಂಡು ಹೋಗ್ಲಿ.”

“ಕೆಲಸದಲ್ಲಿದಾರೆ ಪಾಪ. ಯಾಕೆ ತೊಂದ್ರೆ ಕೊಡ್ತೀಯ?” ವೇದಾ ಅವಸರದಲ್ಲಿ ಹೇಳಿದರು. ಒಂದೇ ಹೊಸ ಲೋಟ ಕೊಂಡಿದ್ದರು ಎಂದು ಕಾಣುತ್ತದೆ.

ಆಗ ಒಣ ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಅದರ ಹಿಂದೆಯೇ ದೊಡ್ಡ ಸದ್ದು. ತೇರು ಒಮ್ಮೆ ಕುಸಿದು, ನಮ್ಮ ಬಾಲ್ಕನಿಯ ಕಡೆ ವಾಲಿ, ನಿಂತಿತು. ಕಳಸ ನನ್ನ ಮೂಗಿನ ಹತ್ತಿರಕ್ಕೇ ಬಂತು. ಹೊಸ ಮದುವಣಿಗ ಈಗ ಎಸೆದಿದ್ದರೆ ತಪ್ಪುತ್ತಿರಲಿಲ್ಲ. ಹಗ್ಗದವರು ಮುಗ್ಗರಿಸಿ ಒಬ್ಬರ ಮೇಲೊಬ್ಬರು ಬಿದ್ದರು. ಹೆಂಗಸರು ಕಿರುಚಿದರು. “ಗೋವಿಂದಾ” ಎನ್ನುತ್ತಿದ್ದ ಮೈಕು “ಗೋ” ಎಂಬಲ್ಲಿಗೇ ನಿಂತಿತು.

ಬಲಗಡೆಯ ಮುಂದಿನ ಗಾಲಿ ರಸ್ತೆಯೊಳಗೆ ಇಳಿದಿತ್ತು. ಟಾರು ಹಪ್ಪಳದ ಹಾಗೆ ಬಿರಿದು, ಬಿರುಕಿನಿಂದ ಕಪ್ಪು ನೀರು ಉಕ್ಕಿ ಬರುತ್ತಿತ್ತು. ನಾತ ಬಾಲ್ಕನಿಗೆ ಏರಿತು. ವೇದಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದರು. ನನಗೆ ಅದು ಅಪ್ಪನ ಅಂಗಿಯ ವಾಸನೆ.

ಅದು ಹಳೆಯ ಕಾಲದ ಒಳಚರಂಡಿ ಗುಂಡಿ. ಮುಚ್ಚಳ ಇತ್ತು. ಎಲ್ಲಿ ಹೋಯಿತು? ಅದನ್ನು ಇವರೇ ಹೂತಿದ್ದರು. ದೊಡ್ಡ ಅರ್ಚಕರು ಈ ವರ್ಷ ಹೊಸ ಶಾಸ್ತ್ರ ತೆಗೆದಿದ್ದರು. ಕಕ್ಕಸಿನ ನೀರು ಹರಿಯುವ ಮುಚ್ಚಳದ ಮೇಲೆ ಸ್ವಾಮಿ ಹಾಯುವುದು ದೋಷವಂತೆ. ಚರಂಡಿಯನ್ನು ಬೇರೆ ಬೀದಿಗೆ ತಿರುಗಿಸುವುದು ಆಗದ ಮಾತು. ದೇವರನ್ನು ಬೇರೆ ಬೀದಿಗೆ ತಿರುಗಿಸಿದರೆ ಅಲ್ಲಿ ನಾವಿದ್ದೇವೆ. ಆದ್ದರಿಂದ ತೇರಿನ ಕಮಿಟಿ ಸುಲಭದ ದಾರಿ ಹಿಡಿಯಿತು. ತೇರುಬೀದಿಯ ಎಲ್ಲ ಮುಚ್ಚಳಗಳ ಮೇಲೂ ದಪ್ಪಗೆ ಟಾರು ಹಾಸಿತು. ಕಣ್ಣಿಗೆ ಕಾಣದ ಹೇಲು ಹೇಲಲ್ಲ. ಟಾರಿನ ಕಂಟ್ರಾಕ್ಟು ಕಮಿಟಿ ಅಧ್ಯಕ್ಷ ಮುನಿಆಂಜನಪ್ಪನ ಮಗ ಶ್ರೀನಾಥನದು. ಈ ಗುಂಡಿಯ ಮುಚ್ಚಳ ಒಡೆದಿದೆ, ಬದಲಾಯಿಸಬೇಕು ಎಂದು ಒಳಚರಂಡಿ ಗ್ಯಾಂಗಿನವರು ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ರೋಲರು ಆ ಗುರುತಿನ ಮೇಲೆಯೇ ಹೋಯಿತು.

ದೇವರು ಸರಿಯಾದ ಜಾಗ ನೋಡಿಯೇ ಕಾಲಿಟ್ಟಿದ್ದ.

ನಾನು ಕೆಳಗಿಳಿದೆ. “ನೀನ್ಯಾಕೋ ಹೋಗ್ತೀಯ, ಇಲ್ಲಿಂದ್ಲೇ ಚೆನ್ನಾಗಿ ಕಾಣತ್ತೆ” ಎಂದ ಶಿಶಿರ್, ಆಮೇಲೆ ತಾನೂ ಹಿಂದೆಯೇ ಬಂದ.

ಕೆಳಗೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಹಿಂದಕ್ಕೆ ಎಳೀರಿ ಎಂದ ಒಬ್ಬ. ಅವನ ಬಾಯಿ ಮುಚ್ಚಿಸಿದರು. ತೇರು ಹಿಂದಕ್ಕೆ ಹೋಗಬಾರದು. ಹೋದರೆ ಊರಿಗೆ ಕೇಡು. ದೇವರನ್ನು ಇಳಿಸಿಕೊಳ್ಳೋಣ ಎಂದ ಇನ್ನೊಬ್ಬ. ಅದೂ ಆಗದು. ತೇರು ನೆಲೆ ಸೇರುವ ತನಕ ಸ್ವಾಮಿ ಇಳಿಯುವಂತಿಲ್ಲ. ಸ್ವಾಮಿ ಇಳಿಯುವ ತನಕ ಊರಿನಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಬೆಳಗಿನಿಂದ ಉಪವಾಸವಿದ್ದ ಜನ. ಹಸಿವಿಗಿಂತ ಹೆಚ್ಚು ಸಿಟ್ಟು. ಸಾವಿರ ಜನ ಒಂದು ಗುಂಡಿಯ ಸುತ್ತ ನಿಂತು ಶಾಸ್ತ್ರ ಹೇಳುತ್ತಿದ್ದರು.

ಮುನಿಆಂಜನಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದ. ಇಂದಿರಾನಗರದ ಅರ್ಧ ಸೈಟುಗಳು ಒಂದು ಕಾಲದಲ್ಲಿ ಇವನಪ್ಪನ ಸೊಪ್ಪಿನ ತೋಟ. ಈಗ ಬಾಡಿಗೆಯೇ ಬೆಳೆ. ಶಿಶಿರನ ಮನೆಯೂ ಅವನದೇ. ಕೈಗೆ ಬೆರಳು ದಪ್ಪದ ಚಿನ್ನದ ಬಳೆ.

“ಲತೀಫನ್ನ ಕರೀರೋ,” ಎಂದ. “ಲಾರಿ ಎತ್ತೋ ಜಾಕಿ ಅವನ ಹತ್ರ ಐತೆ.”

ಲತೀಫ್ ಬೀದಿಯ ತುದಿಯ ಗ್ಯಾರೇಜಿನವನು. ಜಾಕಿಯನ್ನು ಹೆಗಲ ಮೇಲೆ ಹೊತ್ತು ತಂದ. ಗುಂಡಿಗೆ ಒಂದು ಸುತ್ತು ಬಂದು ಇಣುಕಿ ನೋಡಿದ. ಗಾಲಿ ಗುಂಡಿಯ ಒಂದು ಬದಿಗೆ ಸಿಕ್ಕಿಕೊಂಡಿತ್ತು. ಇನ್ನೊಂದು ಬದಿಯಲ್ಲಿ ಒಬ್ಬ ಮನುಷ್ಯ ಮೈ ಒರಗಿಸಿ ಇಳಿಯುವಷ್ಟು ಸಂದು.

“ಮೇಲಿಂದ ಕೊಟ್ರೆ ಜಾಕಿ ನಿಲ್ಲಲ್ಲ ಅಣ್ಣ. ಒಳಗೆ ಇಳ್ದು, ದಿಮ್ಮಿ ಇಟ್ಟು, ಅದ್ರ ಮೇಲೆ ಜಾಕಿ ಇಟ್ಟು ತಿರುಗಿಸ್ಬೇಕು. ಇಲ್ಲ ಅಂದ್ರೆ ಕ್ರೇನ್ ತರ್ಸಿ.”

“ನೀನೇ ಇಳ್ದು ಕೊಡಪ್ಪ.”

“ನಾನಾ? ಯಾ ಅಲ್ಲಾ! ಆಗಲ್ಲ ಅಣ್ಣ. ಮನೇಲಿ ಬೀವಿ ಮಕ್ಳು ಅವ್ರೆ.” ಅವನು ಜಾಕಿಯನ್ನು ನೆಲಕ್ಕಿಟ್ಟು ಕೈ ಒರೆಸಿಕೊಂಡ.

ಅಷ್ಟೇ. ಅವನನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ. ಯಾರೂ ಬೈಯಲಿಲ್ಲ. ಹೆಂಡತಿ ಮಕ್ಕಳಿರುವವನು ಇಳಿಯುವುದಿಲ್ಲ, ಸರಿ ತಾನೆ? ಎಲ್ಲರ ಕಣ್ಣೂ ತಾವಾಗಿಯೇ ತೇರಿನ ಹಿಂದಕ್ಕೆ ಹೋದವು. ಅಲ್ಲಿ ನಮ್ಮಣ್ಣ ಬಾಂಡಲಿ ಹಿಡಿದು ನಿಂತಿದ್ದ. ಅವನಿಗೂ ಹೆಂಡತಿಯಿದ್ದಾಳೆ, ಎರಡು ಮಕ್ಕಳಿವೆ. ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

“ಲೋ ಕದಿರ! ಬಾರೋ ಈ ಕಡೆ!”

ಅಣ್ಣ ಬಾಂಡಲಿ ಕೆಳಗಿಟ್ಟ. ನಡೆದು ಬಂದ. ಬರುತ್ತ ಬರುತ್ತಲೇ ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಅವನಿಗೆ ಯಾರೂ ಬಿಚ್ಚು ಎಂದಿರಲಿಲ್ಲ. ಕರೆದರು ಎಂದರೆ ಇಳಿಯುವುದಕ್ಕೆ, ಇಳಿಯುವುದೆಂದರೆ ಬರಿ ಮೈಯಲ್ಲಿ. ಹದಿನಾಲ್ಕನೆಯ ವಯಸ್ಸಿನಿಂದ ಆ ಮೈ ಹಾಗೇ ಕಲಿತಿದೆ. ಅಂಗಿಯನ್ನು ಮಡಿಸಿ ಅವ್ವನ ಕೈಗೆ ಕೊಟ್ಟ. ಅವನ ಬೆನ್ನ ಮೇಲೆ ಕಬ್ಬಿಣದ ಮೆಟ್ಟಿಲು ಗೀರಿದ ಹಳೆಯ ಗಾಯಗಳು. ಮೊಣಕೈಗಳಲ್ಲಿ ಆರದ ಹುಣ್ಣು. ನಮ್ಮಪ್ಪನಿಗೂ ಅಲ್ಲೇ ಇತ್ತು. ಅಪ್ಪ ಬೆನ್ಸನ್ ಟೌನಿನ ಒಂದು ಗುಂಡಿಯಲ್ಲಿ ಸತ್ತ. ಮೇಲಿದ್ದವರು ಹಗ್ಗ ಎಳೆದಾಗ ಬರಿ ಹಗ್ಗ ಬಂತು. ಅವನ ಕೆಲಸ ಅಣ್ಣನಿಗೆ ಬಂತು. ಅಣ್ಣ ಗುಂಡಿಗೆ ಇಳಿದ, ನಾನು ಕಾಲೇಜಿಗೆ ಹೋದೆ.

ಅಣ್ಣ ಮಂಡಿಯೂರಿ ಸಂದಿನೊಳಗೆ ನೋಡಿದ. ತೇರು ಎಲ್ಲೋ ಒಂದು ಕಡೆ ಕಿರ್ ಎಂದಿತು. ಇಟ್ಟಿಗೆಯ ಚೂರೊಂದು ಕಳಚಿ ನೀರಿಗೆ ಬಿತ್ತು. ಮೇಲಿದ್ದ ಮರಿ ಅರ್ಚಕ, “ದೊಡ್ಡಪ್ಪಾ, ಅಲ್ಲಾಡ್ತಾ ಇದೆ!” ಎಂದು ಅತ್ತ.

“ಕಂಬ ಹಿಡ್ಕೊಂಡು ಸ್ವಾಮಿ ಧ್ಯಾನ ಮಾಡೋ,” ಕೆಳಗಿನಿಂದ ದೊಡ್ಡ ಅರ್ಚಕರು ಹೇಳಿದರು.

“ಧ್ಯಾನ ಇರ್ಲಿ, ಉಚ್ಚೆ ಬರ್ತಾ ಇದೆ!”

ಯಾರೋ ಕಿಸಕ್ಕೆಂದರು. ಕೊನೆಗೆ ಏಣಿ ತಂದು ಅವನನ್ನು ಇಳಿಸಿದರು. ದೇವರು ಇಳಿಯಬಾರದು, ಅರ್ಚಕ ಇಳಿಯಬಹುದು. ಶಾಸ್ತ್ರ ಬೇಕಾದಾಗ ಎಷ್ಟು ಮೆತ್ತಗಾಗುತ್ತದೆ. ಆ ಹುಡುಗ ಓಡಿದ ಓಟ ನೋಡಬೇಕಿತ್ತು.

ಅಣ್ಣ ಎದ್ದು ನಿಂತ. “ಕ್ರೇನ್ ಬರ್ಲಿ ಯಜಮಾನ್ರೇ,” ಎಂದ.

“ಏನು?”

“ಗೋಡೆ ಬಿಟ್ಕೊಂಡೈತೆ. ಕ್ರೇನು ಮೇಲಿಂದ ತೇರು ಹಿಡ್ಕೊಳ್ಲಿ. ಆಮೇಲೆ ಇಳ್ದು ದಿಮ್ಮಿ ಕೊಡ್ತೀನಿ.”

ಅವನು ಇಳಿಯುವುದಿಲ್ಲ ಎನ್ನಲಿಲ್ಲ. ನೆನಪಿರಲಿ. ಸಾಯದ ಹಾಗೆ ಇಳಿಯುತ್ತೇನೆ ಎಂದ, ಅಷ್ಟೇ. ಅದೇ ದೊಡ್ಡ ಸೊಕ್ಕಾಯಿತು.

“ಕ್ರೇನಂತೆ!” ಶ್ರೀನಾಥ್ ಮುಂದೆ ಬಂದ. ಅವನ ಬಾಯಿಂದ ಬಿಯರಿನ ವಾಸನೆ. ಉಪವಾಸದ ವ್ರತದಲ್ಲಿ ಬಿಯರಿಗೆ ವಿನಾಯಿತಿ ಇರಬೇಕು. “ನೀನೇನ್ ಇಂಜಿನಿಯರ್ರೇನೋ? ಇಳಿ ಅಂದ್ರೆ ಇಳಿ.”

“ಕ್ರೇನು ಆಗೋದಿಲ್ಲ,” ದೊಡ್ಡ ಅರ್ಚಕರು ಕಣ್ಣು ಮುಚ್ಚಿ ತಲೆಯಾಡಿಸಿದರು. “ಅದರಲ್ಲಿ ಏನೇನು ಎತ್ತಿರ್ತಾರೋ. ಸತ್ತ ದನ ಎತ್ತಿರ್ತಾರೆ. ಅದು ತೇರಿಗೆ ತಗುಲಿದ್ರೆ ಮೈಲಿಗೆ. ಮತ್ತೆ ಕಳಸ ಇಳಿಸ್ಬೇಕು, ಶುದ್ಧಿ ಆಗ್ಬೇಕು. ಮಂಡಲ ಕಾಲ ಸ್ವಾಮಿಗೆ ನೈವೇದ್ಯ ಇಲ್ಲ.”

“ಹಂಗಾದ್ರೆ ಇವನು ಮುಟ್ಟಿದ್ರೆ?” ಕೇಳಿದವನು ಹಗ್ಗದವರಲ್ಲಿ ಒಬ್ಬ. ನಿಜವಾದ ಸಂಶಯದಿಂದಲೇ ಕೇಳಿದ.

ಅರ್ಚಕರು ಯೋಚಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಯಾರ ಮುಖದಲ್ಲೂ ಅಷ್ಟು ಪ್ರಾಮಾಣಿಕವಾದ ಕಷ್ಟವನ್ನು ನಾನು ಕಂಡಿಲ್ಲ. ಆಮೇಲೆ ಆ ಮುಖ ಬೆಳಗಿತು.

“ಅವನೆಲ್ಲಿ ಮುಟ್ತಾನೆ? ಅವನು ಜಾಕಿ ಇಡ್ತಾನೆ. ಗಾಲಿ ಮುಟ್ಟೋದು ಜಾಕಿ ತಾನೆ? ಜಾಕಿ ಲೋಹ. ಲೋಹಕ್ಕೆ ಮೈಲಿಗೆ ಇಲ್ಲ. ಅವನು ಭೂಮಿ ಒಳಗಿರ್ತಾನೆ. ಭೂಮಿ ಸದಾ ಶುದ್ಧ.” ಅಣ್ಣನ ಕಡೆ ತಿರುಗಿ ಮೆಲ್ಲಗೆ, ಬಹಳ ದಯೆಯಿಂದ ಹೇಳಿದರು: “ಗಾಲಿಗೆ ಮಾತ್ರ ಕೈ ತಾಗಿಸ್ಬೇಡಪ್ಪ. ನಿನಗೇ ಒಳ್ಳೇದಲ್ಲ.”

ಕ್ರೇನು ಲೋಹವಲ್ಲವೇ ಎಂದು ನಾನು ಕೇಳಿದೆ. ಜೋರಾಗಿಯೇ ಕೇಳಿದೆ. ಅವರು ನನ್ನ ಪ್ಯಾಂಟು, ವಾಚು ನೋಡಿದರು.

“ಇವರ್ಯಾರು?”

“ನಮ್ಮ ಕಲೀಗು. ಇವತ್ತು ತೇರು ನೋಡೋಕೆ ಬಂದಿದಾನೆ,” ಶಿಶಿರ್ ಹೇಳಿದ.

“ಕದಿರನ ತಮ್ಮ ಕಣ್ರೀ ಅವನು,” ಮುನಿಆಂಜನಪ್ಪ ಹೇಳಿದ. “ಚೌಡರಾಜು. ಹಗ್ಗ ಕೇಳೋಕೆ ಬಂದಿರ್ಲಿಲ್ವಾ, ಅವನೇ.”

ಹೌದು, ನಾನೇ. ಎರಡು ವರ್ಷದ ಹಿಂದೆ ನಮ್ಮ ಲೈನಿನ ಹುಡುಗರನ್ನು ಕಟ್ಟಿಕೊಂಡು ಇವನ ಮನೆಗೆ ಹೋಗಿದ್ದೆ. ತೇರಿನ ಹಗ್ಗ ನಾವೂ ಹಿಡಿಯಬೇಕು ಎಂದಿದ್ದೆ. ನಮ್ಮನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ, ಇವನ ಹೆಂಡತಿ ಮುನಿಗಂಗಮ್ಮ ಒಳಗಿನಿಂದ, “ಯಾರ್ರೀ ಅದು, ಸಂಡಾಸ್ ಕಟ್ಕೊಂಡೈತೆ ಅಂತ ಹೇಳಿ ಕಳ್ಸಿದ್ನಲ್ಲ, ಅವರಾ?” ಎಂದು ಕೂಗಿದ್ದಳು. ಇವನು ನಕ್ಕಿದ್ದ. “ಹಗ್ಗ ಹಿಡೀರಿ, ಯಾರ್ ಬೇಡ ಅಂದೋರು? ನಿಮ್ ಲೈನಿಗೆ ನೀರಿನ ಪೈಪು ಯಾರ ಜಾಗದ ಮೇಲೆ ಹೋಗೈತೆ, ಒಂದ್ಸಲ ನೋಡ್ಕೊಂಡು ಹಿಡೀರಿ.” ನಾವು ಹಿಡಿಯಲಿಲ್ಲ. ಆದರೂ ನೀರು ನಿಂತಿತು. ಬೇಸಿಗೆಯೆಲ್ಲ ಹೆಂಗಸರು ಕೊಡ ಹೊತ್ತು ಕೆರೆ ರಸ್ತೆಯ ನಲ್ಲಿಗೆ ನಡೆದರು. ಅವ್ವ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡಳು. ಈಗಲೂ ಪೂರ್ತಿ ಬಗ್ಗಲಾರಳು.

“ಒಳ್ಳೇದೇ ಆಯ್ತು,” ಮುನಿಆಂಜನಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ. ಮುಟ್ಟಿದ. ಅವನಿಗೆ ತುರ್ತಿತ್ತು. “ನೀನು ಓದಿದೋನು. ನಿಮ್ಮಣ್ಣನಿಗೆ ನೀನೇ ಹೇಳಪ್ಪ. ನಿಮ್ ಭಾಷೇಲಿ ಹೇಳು.”

“ನಮ್ ಭಾಷೇಲಿ ಇಳಿ ಅನ್ನೋ ಮಾತು ನಿಮ್ದೇ. ನೀವೇ ಹೇಳಿ.”

“ನೋಡಿದ್ರಾ ಕೊಬ್ಬು!” ಶ್ರೀನಾಥ್ ಹಲ್ಲು ಕಡಿದ. ಅವನಪ್ಪ ಅವನನ್ನು ಕಣ್ಣಿನಲ್ಲೇ ಹಿಂದಕ್ಕೆ ತಳ್ಳಿದ. ಮುದುಕ ಜಾಣ. ತೇರು ಬೀಳುವುದರೊಳಗೆ ಕೆಲಸವಾಗಬೇಕು.

ವ್ಯಾಪಾರ ಶುರುವಾಯಿತು.

ಮೊದಲು ಸಾರಾಯಿ ಪ್ಯಾಕೆಟ್ಟು ಬಂತು. ಯಾರೋ ಬಾರಿಗೆ ಓಡಿ, ಪ್ಯಾಕೆಟ್ಟು ತಂದು, ಹಲ್ಲಿನಲ್ಲಿ ಮೂಲೆ ಕಚ್ಚಿ ಹರಿದು, ಅಣ್ಣನ ಬಾಯಿಯ ಮುಂದೆ ಹಿಡಿದರು. ಕುಡಿಸದೆ ಯಾರನ್ನೂ ಆ ನಾತಕ್ಕೆ ಇಳಿಸಲಾಗದು. ಇಳಿಸುವವರಿಗೆ ಅದು ಗೊತ್ತು. ಅಪ್ಪನ ಬಾಯಿಗೂ ಹೀಗೇ ಹಿಡಿದಿರಬೇಕು. ಅಣ್ಣ ಮುಖ ತಿರುಗಿಸಿದ. ಸಾರಾಯಿ ಅವನ ಎದೆಯ ಮೇಲೆ ಚೆಲ್ಲಿತು.

“ಕ್ರೇನ್ ತರ್ಸಿ,” ಎಂದ.

ಆಮೇಲೆ ಹೊಸ ಪಂಚೆ, ಶಲ್ಯ. ದೇವಸ್ಥಾನದ ಮರ್ಯಾದೆ. ತೇರು ನೆಲೆ ಸೇರಿದ ಮೇಲೆ ಹೂವಿನ ಹಾರ ಹಾಕಿ ಕೊಡುತ್ತಾರಂತೆ. “ಗುಡಿ ಬಾಗಿಲಿನ ಹೊರಗೆ,” ಎಂದು ಅರ್ಚಕರು ಸೇರಿಸಿದರು.

“ಕ್ರೇನ್ ತರ್ಸಿ.”

ಕೆಲಸ ಖಾಯಂ ಮಾಡಿಸುವ ಮಾತು ಬಂತು. ಕಾರ್ಪೊರೇಟರಿಗೆ ಹೇಳಿ, ಸೋಮವಾರವೇ. ಇಷ್ಟು ವರ್ಷ ಆಗದೆ ಇದ್ದದ್ದು. ಅಣ್ಣನ ಕಣ್ಣು ಒಂದು ಸಲ ಅಲುಗಿತು, ನಾನು ನೋಡಿದೆ. ಗುಂಡಿಯಿಂದ ಗುಳುಗುಳು ಸದ್ದು ಬಂತು. ಅವನು ಗುಂಡಿಯನ್ನು ನೋಡಿದ.

“ಕ್ರೇನ್—”

“ಅಯ್ಯೋ, ಕ್ರೇನು ಕ್ರೇನು ಅಂತ ಸಾಯ್ಬೇಡ್ವೋ!” ಮುನಿಆಂಜನಪ್ಪ ಕಿರುಚಿದ.

ಬಾಲ್ಕನಿಯಿಂದ ಶ್ರೀಕಂಠಯ್ಯನವರು ಕೂಗಿದರು: “ರಾಜೂ! ಇದು ಜಾತಿ ಪ್ರಶ್ನೆ ಅಲ್ಲಪ್ಪಾ! ಇದು ಕೆಲಸದ ಪ್ರಶ್ನೆ! ಯಾರಿಗೆ ಯಾವುದು ಅಭ್ಯಾಸ ಇದೆಯೋ ಅವರು ಮಾಡ್ಬೇಕು, ಅದು ಸೈನ್ಸು!”

ಶಿಶಿರ್ ನನ್ನ ತೋಳು ಹಿಡಿದುಕೊಂಡ. “ಮಗಾ, ನನಗೂ ಅಸಹ್ಯ ಆಗ್ತಿದೆ. ಆದ್ರೆ ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡು. ತೇರು ನಮ್ಮನೆ ಮೇಲೇ ವಾಲಿದೆ ಕಣೋ. ಅಮ್ಮ ಮೇಲಿದಾರೆ.”

“ನಿಮ್ಮಮ್ಮನ್ನ ಕೆಳಗೆ ಕರ್ಕೊಂಡ್ ಬಾ.”

“ಕೆಳಗೆಲ್ಲ ನೀರು...”

“ಹೌದು. ಹೇಲಿನ ನೀರು. ತುಳೀಲಿ.”

ಅವನು ಕೈ ಬಿಟ್ಟ. ಕ್ಯಾಂಟೀನಿನಲ್ಲಿ ನನ್ನ ಪರವಾಗಿ ಅಷ್ಟು ಮಾತಾಡಿದವನು ಬಾಲ್ಕನಿಯ ಕಡೆ ತಿರುಗಿ ನಿಂತ.

ಮುನಿಆಂಜನಪ್ಪ ಕಮಿಟಿಯವರನ್ನು ಪಕ್ಕಕ್ಕೆ ಕರೆದ. ಗುಸುಗುಸು ನಡೆಯಿತು. ಅರ್ಚಕರು ಬೇಡ ಬೇಡ ಎಂದು ಕೈಯಾಡಿಸಿದರು, ಆಮೇಲೆ ಕೈ ಕೆಳಗೆ ಬಿಟ್ಟರು. ಮುನಿಆಂಜನಪ್ಪ ಮೈಕಿನವನ ಕೈಯಿಂದ ಮೈಕು ಕಿತ್ತುಕೊಂಡ.

“ಭಕ್ತಾದಿಗಳೇ,” ಎಂದ. ಮೈಕು ಕೀರಲಿತು. “ಭಕ್ತಾದಿಗಳೇ, ಸ್ವಾಮಿಯ ಪ್ರೇರಣೆಯಾಗಿದೆ. ಈ ವರ್ಷದಿಂದ, ಈ ಗಳಿಗೆಯಿಂದ, ನಮ್ಮ ಹರಿಜನ ಬಾಂಧವರೂ ತೇರಿನ ಹಗ್ಗ ಹಿಡೀಬಹುದು. ಕದಿರಪ್ಪನೋರು ಗಾಲಿ ಎತ್ತಿಕೊಟ್ಟ ಮೇಲೆ, ಮೊದಲ ಹಗ್ಗ ಅವರದೇ.”

ಕದಿರಪ್ಪನೋರು. ಲೋ ಕದಿರ ಎಂಬುದು ಒಂದು ಮೈಕಿನಷ್ಟು ದೂರದಲ್ಲಿ ಕದಿರಪ್ಪನೋರು ಆಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಗ್ಗದ ಕಡೆಯಿಂದ “ಥೂ” ಎಂಬ ಸದ್ದು ಬಂತು. ಆದರೆ ಹಿಂದೆ, ಲೈನಿನ ಬಾಯಲ್ಲಿ ನಿಂತಿದ್ದ ನಮ್ಮ ಜನ ಅಲುಗಿದರು. ಪೊರಕೆ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಜೊತೆ ಹಗ್ಗ ಕೇಳಲು ಬಂದಿದ್ದ ಹುಡುಗರು ಮುಂದೆ ಬಂದರು. ಒಬ್ಬ ಅಣ್ಣನ ಕಿವಿಯಲ್ಲಿ ಹೇಳಿದ: “ಕದಿರಣ್ಣ, ಮೈಕಲ್ಲೇ ಹೇಳವ್ರೆ. ಇನ್ ವಾಪಸ್ ತೊಗೊಳಂಗಿಲ್ಲ. ಐದು ನಿಮಿಷದ ಕೆಲ್ಸ ಅಣ್ಣ. ನಮ್ ಮಕ್ಳು ಮರಿ ಹಗ್ಗ ಹಿಡೀತಾವೆ.”

ನಾವು ಬೇಡಿ, ಬೈಸಿಕೊಂಡು, ನ್ಯಾಯವಾಗಿ ಕೇಳಿದ್ದ ಅದೇ ಹಗ್ಗ. ಈಗ ಅದನ್ನು ಸಂತೆಯ ದನಕ್ಕೆ ಹುಲ್ಲು ತೋರಿಸಿದ ಹಾಗೆ ನಮ್ಮ ಮುಂದೆ ಹಿಡಿದಿದ್ದರು. ಆ ಹಗ್ಗದ ಇನ್ನೊಂದು ತುದಿ ಗುಂಡಿಯೊಳಗಿತ್ತು. ಗೊತ್ತಿದ್ದೂ ಒಂದು ಕ್ಷಣ ನಾನು ಅಣ್ಣನ ಎದೆ, ತೋಳು ಅಳೆದೆ. ಇಳಿದು ಹತ್ತಬಲ್ಲನೇ? ಹತ್ತಬಹುದು. ಅಪ್ಪನಿಗಿಂತ ಗಟ್ಟಿ.

ನಾನೂ ಅಳೆಯುತ್ತಿದ್ದೆ. ಗುಂಡಿಯ ಸುತ್ತ ನಿಂತ ಸಾವಿರ ಜನರಲ್ಲಿ ನಾನೂ ಒಬ್ಬನಾಗಿದ್ದೆ.

ಅವ್ವ ಸೊಂಟ ಹಿಡಿದುಕೊಂಡು ಬಂದಳು. ಅಂಗಿ ಅವಳ ಕಂಕುಳಲ್ಲಿತ್ತು. ಗುಂಡಿಯನ್ನು ನೋಡಲಿಲ್ಲ, ತೇರನ್ನೂ ನೋಡಲಿಲ್ಲ.

“ಇಳೀತೀಯೇನೋ?” ಎಂದು ಕೇಳಿದಳು. ಊಟ ಮಾಡ್ತೀಯೇನೋ ಎಂದು ಕೇಳಿದ ಹಾಗೆ.

ಅಣ್ಣ ಅವಳನ್ನು ನೋಡಿದ. ಆಮೇಲೆ ನನ್ನನ್ನು. ನಾನು ಏನಾದರೂ ಹೇಳಬೇಕು ಎಂದು ಕಾದನೋ ಏನೋ.

“ಇಳೀಬೇಡ,” ಎಂದೆ. ತಡವಾಗಿ ಹೇಳಿದೆ. ಆದರೆ ಹೇಳಿದೆ.

“ನೀನು ಸುಮ್ನಿರಯ್ಯ!” ಮುನಿಆಂಜನಪ್ಪ ಮೈಕನ್ನು ಯಾರ ಕೈಗೋ ತುರುಕಿ ಓಡಿ ಬಂದ. “ಕದಿರಾ, ಇವನ ಮಾತು ಕೇಳ್ಬೇಡ. ಇವನು ಇವತ್ತು ಬಂದು ನಾಳೆ ಹೋಗೋನು. ಫ್ಯಾನ್ ಕೆಳಗೆ ಕೂರೋನು. ಇಲ್ಲಿರೋರು ನಾನು ನೀನು.”

ಅದು ಸುಳ್ಳಲ್ಲ. ಅದಕ್ಕೇ ನನ್ನ ಮೈಯೆಲ್ಲ ಉರಿಯಿತು.

ತೇರು ಮತ್ತೆ ಕಿರ್ ಎಂದಿತು. ಜನ ಹಿಂದಕ್ಕೆ ಸರಿದರು. ಸರಿಯದೆ ನಿಂತವನು ಅಣ್ಣ ಒಬ್ಬನೇ. ಕಪ್ಪು ನೀರು ಅವನ ಪಾದ ಮುಚ್ಚಿತ್ತು. ಎದೆಯ ಮೇಲಿನ ಸಾರಾಯಿ ಒಣಗಿ ನೊಣ ಮುತ್ತುತ್ತಿತ್ತು. ಅವನು ನೊಣ ಓಡಿಸಿಕೊಳ್ಳಲಿಲ್ಲ. ಜಾಕಿಯನ್ನು ನೋಡಿದ. ಅರ್ಚಕರನ್ನು ನೋಡಿದ.

“ಸ್ವಾಮೀ,” ಎಂದ. “ಒಳಗೆ ನಾನು ಸತ್ರೆ?”

“ಛೆ ಛೆ, ಬಿಡ್ತು ಅನ್ನು. ಸ್ವಾಮಿ ಮೇಲಿದಾನೆ.”

“ಅವನು ಮೇಲಿರೋದಕ್ಕೇ ಕೇಳಿದ್ದು. ಸತ್ರೆ ಹೆಣ ಎತ್ತೋರು ಯಾರು? ಲೈನಿನೋರೇ ಇಳೀಬೇಕಲ್ಲ. ಆಗ ಗಾಲಿಗೆ ನಮ್ ಮೈ ತಾಗ್ತೈತೆ. ಅದಕ್ಕೇನು ಶಾಸ್ತ್ರ?”

ಅಣ್ಣ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅರ್ಚಕರು ಬಾಯಿ ತೆರೆದರು. ಈ ಸಲ ಅವರ ಮುಖ ಬೆಳಗಲಿಲ್ಲ.

ಅಣ್ಣ ಅವ್ವನ ಕಡೆ ಕೈ ಚಾಚಿದ. ಅವಳು ಅಂಗಿ ಕೊಟ್ಟಳು. ಅವನು ಅದನ್ನು ಒದರಿ, ಒಂದು ತೋಳು ಹಾಕಿದ, ಇನ್ನೊಂದು ತೋಳು ಹಾಕಿದ. ಸಾವಿರ ಜನರ ಎದುರಿಗೆ ನಿಧಾನವಾಗಿ ಗುಂಡಿ ಹಾಕಿಕೊಳ್ಳತೊಡಗಿದ.

“ಲೋ, ಏನೋ ಮಾಡ್ತಿದೀಯ?” ಮುನಿಆಂಜನಪ್ಪನ ದನಿ ಒಡೆಯಿತು. “ಹಗ್ಗ ಕೊಡ್ತಾ ಇದೀನಿ ಕಣೋ! ನಿಮ್ ತಾತನ ಕಾಲದಿಂದ ಯಾರೂ ಕೊಡದೆ ಇರೋದು! ಮೊದಲ ಹಗ್ಗ!”

“ಬ್ಯಾಡ.”

“ನಿನ್ ಒಬ್ಬನಿಗಲ್ವೋ, ಇಡೀ ಲೈನಿಗೆ!”

“ಬ್ಯಾಡ ಅಂದ್ನಲ್ಲ.”

“ಮತ್ತಿನ್ನೇನೋ ಬೇಕು ನಿಂಗೆ? ಬಾಯಿ ಬಿಟ್ಟು ಹೇಳು!”

ಅಣ್ಣ ಕೊರಳಿನ ಗುಂಡಿಯನ್ನೂ ಹಾಕಿಕೊಂಡ.

“ಏನೂ ಬ್ಯಾಡ ಯಜಮಾನ್ರೇ. ನಾನು ಇಳಿಯಲ್ಲ.”